ಎರಡು ಕೆಂಪು ಗೀಟುಗಳ ನಡುವೆ

“ಅತ್ತೆ, ಈ ಪೆಟ್ಟಿಗೇಲಿ ಹತ್ತು ಸಿಗಾರ್ ಇದೆ. ಎರಡು ವರ್ಷದಿಂದ ಕಾಪಾಡ್ಕೊಂಡು ಬಂದಿದೀನಿ. ನಂಗೆ ಗಡಿಯಾರ ರಿಪೇರಿ ಕಲಿಸಿದ ಮೇಷ್ಟ್ರು ಬರೋ ತಿಂಗಳು ಅಂಗಡಿ ಮುಚ್ತಾರೆ, ಅವತ್ತು ಅವರಿಗೆ ಕೊಡ್ಬೇಕು. ತೇವ ಕಮ್ಮಿ ಆದ್ರೆ ಎಲೆ ಬಿರಿಯುತ್ತೆ, ಜಾಸ್ತಿ ಆದ್ರೆ ಬೂಷ್ಟು ಹಿಡಿಯುತ್ತೆ. ಮುಚ್ಚಳದ ಮೇಲಿನ ಮುಳ್ಳು ಒಳಗಿನ ತೇವ ತೋರಿಸುತ್ತೆ, ಅದು ಈ ಎರಡು ಕೆಂಪು ಗೀಟಿನ ಮಧ್ಯೆ ಇರ್ಬೇಕು. ಎಡಕ್ಕೆ ಬಂದ್ರೆ ಒಳಗಿನ ಸ್ಪಂಜಿಗೆ ಈ ಬಾಟಲಿ ನೀರು ನಾಲ್ಕೇ ಹನಿ. ಬಲಕ್ಕೆ ಹೋದ್ರೆ ಐದು ನಿಮಿಷ ಮುಚ್ಚಳ ತೆಗೆದಿಡಿ. ಮಾವನ ಕೈಗೆ ಮಾತ್ರ ಕೊಡ್ಬೇಡಿ.”

ಅಳಿಯ ಇಷ್ಟು ಹೇಳಿ, ಮಗಳ ಜೊತೆ ಹದಿನಾಲ್ಕು ದಿನದ ಪ್ರವಾಸಕ್ಕೆ ಹೊರಟ. ನನ್ನ ಯಜಮಾನರು ಬಸ್ಸು ಓಡಿಸಿ ನಿವೃತ್ತರಾದವರು. ಒಮ್ಮೆ ಅಳಿಯನ ಅಲಾರಂ ಗಡಿಯಾರಕ್ಕೆ ಎಣ್ಣೆ ಬಿಡಲು ಹೋಗಿ, ಮತ್ತೆ ಜೋಡಿಸುವಾಗ ಮೂರು ಚಕ್ರ ಮಿಗಿಸಿದ್ದರು.

ನಾನೋ! ಓದಿದ್ದು ಮೂರನೇ ಕ್ಲಾಸಾದರೂ ಕಿವಿಯಲ್ಲಿ ಬಿದ್ದದ್ದನ್ನು ಮರೆತವಳಲ್ಲ. ನಾಲ್ಕು ಮಕ್ಕಳ ಜ್ವರವನ್ನು ಅಂಗೈಯಲ್ಲೇ ಅಳೆದವಳಿಗೆ ಒಂದು ಮುಳ್ಳು ಯಾವ ಲೆಕ್ಕ? ಪೆಟ್ಟಿಗೆಯನ್ನು ಬೀರುವಿನ ಮೇಲೆ ಪಟ್ಟಾಭಿಷೇಕ ಮಾಡಿ ಕೂರಿಸಿದೆ.

ಮಾರನೆಯ ಬೆಳಗ್ಗೆ ನೋಡಿದರೆ ಮುಳ್ಳು ಎಡಕ್ಕೆ! ನಾಲ್ಕು ಹನಿ ಬಿಟ್ಟೆ. ಅದರ ಮಾರನೆಯ ದಿನ ಇನ್ನೂ ಎಡಕ್ಕೆ. ಒಂದು ಚಮಚ ಸುರಿದೆ. ಮೂರನೆಯ ದಿನ ಒದ್ದೆ ಕರವಸ್ತ್ರ ಇಟ್ಟೆ, ನಾಲ್ಕನೆಯ ದಿನ ಕೈ ಒರೆಸುವ ಟವೆಲ್ಲು. ಪೆಟ್ಟಿಗೆ ಒಂಟೆಯ ಹಾಗೆ ಕುಡಿಯುತ್ತಿತ್ತು. ಬೆಳಗ್ಗೆ ನೋಡಿದರೆ ಟವೆಲ್ಲು ಗರಿಗರಿ! ಅಳಿಯನ ಮಾನ ನನ್ನ ಕೈಯಲ್ಲಿದೆಯೆಂದು ದಿನವೂ ಅದನ್ನು ನೆನೆಸಿಟ್ಟೆ. ಮುಳ್ಳು ಬಲಕ್ಕೆ ಹೋದದ್ದನ್ನು ನಾನು ನೋಡಲೇ ಇಲ್ಲ. ಸಂಜೆಯಾದರೆ ನಾನು ಪಕ್ಕದ ಮನೆಯ ದರ್ಜಿಯಮ್ಮನ ಕಥೆ ಕೇಳಲು ಹೋಗುತ್ತಿದ್ದೆನಲ್ಲ!

ಹದಿನಾಲ್ಕನೆಯ ದಿನ ಮಧ್ಯಾಹ್ನ ಅಳಿಯ ಬಂದವನೇ ಮುಳ್ಳು ನೋಡಿದ. ಸರಿಯಾಗಿ ನಡುಮಧ್ಯೆ! ಅವನ ಮುಖ ಅರಳಿತು.

“ಹೇಗೆ ಮಾಡಿದ್ರಿ ಅತ್ತೆ? ನನ್ ಕೈಲೂ ಇಷ್ಟು ಸರಿಯಾಗಿ ಆಗಲ್ಲ.”

ನಾನು ಉಬ್ಬಿದೆ. “ಏನು ಮಹಾ! ದಿನಾ ಬೆಳಗ್ಗೆ ಒಂದು ಒದ್ದೆ ಟವೆಲ್ಲು.”

ಪತ್ರಿಕೆಯ ಹಿಂದಿನಿಂದ ಯಜಮಾನರ ತಲೆ ಮೇಲೆದ್ದಿತು. “ಆ ಟವೆಲ್ಲನ್ನ ದಿನಾ ಒದ್ದೆ ಮಾಡ್ತಿದ್ದವಳು ನೀನಾ? ನಾನು ದಿನಾ ಸಂಜೆ ಫ್ಯಾನ್ ಕೆಳಗೆ ಒಣಗಿಸಿ ಒಣಗಿಸಿ ಸತ್ತೆ.”

ಆಮೇಲೆ ಎಲ್ಲ ಹೊರಬಿತ್ತು. ಮೊದಲ ಸಂಜೆ ವಾಸನೆ ನೋಡಲು ಮುಚ್ಚಳ ತೆಗೆದ ಮಹಾರಾಯರು ವಾರ್ತೆ ಮುಗಿಯುವ ತನಕ ಮುಚ್ಚಲಿಲ್ಲವಂತೆ. ಆಮೇಲೆ ದಿನಾ ಸಂಜೆ ಮುಳ್ಳು ಬಲಕ್ಕೆ ನಿಂತದ್ದು ಕಂಡು ಹೆದರಿ, ಮೇಜಿನ ಫ್ಯಾನು ಹಾಕಿದರಂತೆ. ಮುಟ್ಟಬಾರದೆಂದು ಅಪ್ಪಣೆಯಾಗಿದ್ದರಿಂದ ಬಾಯಿ ಬಿಡಲಿಲ್ಲವಂತೆ. ಬೆಳಗ್ಗೆ ಎಡ, ಸಂಜೆ ಬಲ. ಅಳಿಯ ಬಂದದ್ದು ಮಧ್ಯಾಹ್ನ!

ಅವನು ಒಂದೊಂದೇ ಸಿಗಾರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದ. ಒಣಗಿದ್ದರೆ ಚರಚರ ಎನ್ನುತ್ತದಂತೆ. ಒಂದರ ಎಲೆ ಬಿರಿದಿತ್ತು. ಒಂಬತ್ತು ಬದುಕಿದ್ದವು.

“ಮೇಷ್ಟ್ರಿಗೆ ಒಂಬತ್ತು ಸಾಕು,” ಎಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಇರಿಸಿಕೊಂಡ. ಬಾಗಿಲಲ್ಲಿ ತಿರುಗಿ ಹೇಳಿದ: “ಒಬ್ಬರು ನೆನೆಸೋದು, ಒಬ್ಬರು ಒಣಗಿಸೋದು. ಇಂಥಾ ಜೋಡಿನ ಅಡುಗೆಮನೆಗೆ ಬಿಡೋದು ಬಿಟ್ಟು ನನ್ನ ಪೆಟ್ಟಿಗೆಗೆ ಯಾಕೆ ಬಿಟ್ನೋ!”

ನಾನು ಒಳಗೆ ಹೋಗಿ ಊಟದ ತಟ್ಟೆಗಳನ್ನು ತೊಳೆಯತೊಡಗಿದೆ. ಯಜಮಾನರು ಅದೇ ಟವೆಲ್ಲು ಹಿಡಿದು ಪಕ್ಕಕ್ಕೆ ಬಂದು, ಒಂದೊಂದಾಗಿ ಒರೆಸಿ ಇಟ್ಟರು.