ದೇವಯಾನಿಗೆ ಅಡ್ಡ ನಿಂತ ಮರ

ನಾನು ಓದು ನಿಲ್ಲಿಸಿದ್ದು ೧೯೫೮ರಲ್ಲಿ, ಎಂಟನೇ ಕ್ಲಾಸಿಗೆ. ಅಪ್ಪ ತೀರಿಕೊಂಡರು, ತೋಟ ನೋಡುವವರಿರಲಿಲ್ಲ. ಅದಕ್ಕೆ ದುಃಖವೇನಿಲ್ಲ, ದಂಡಿನಶಿವರದ ಸುತ್ತ ನನ್ನಷ್ಟು ಚೆನ್ನಾಗಿ ಕೊಬ್ಬರಿ ಮಾಡುವವರಿದ್ದರೆ ತೋರಿಸಿ. ಆದರೆ ಓದು ಬಿಟ್ಟವನಿಗೊಂದು ಕಾಯಿಲೆ ಅಂಟಿಕೊಳ್ಳುತ್ತದೆ. ಓದಿದವರು ನಿನ್ನ ಕೈಲಾಗಲ್ಲ ಎಂದದ್ದನ್ನೇ ಹುಡುಕಿಕೊಂಡು ಹೋಗಿ ಮಾಡುವುದು. ನನಗೆ ಹಾಗೆಂದವನು ತಿಪಟೂರಿನಲ್ಲಿ ಕಾಲೇಜು ಮೇಷ್ಟ್ರಾಗಿರುವ ಭಾಮೈದ ಶಿವಣ್ಣ. ಎಪ್ಪತ್ತೊಂಬತ್ತರಲ್ಲಿ ಬೆಂಗಳೂರಿಂದ ಹಳೇ ದುರ್ಬೀನೊಂದನ್ನು ತಂದಿದ್ದೆ. ದೇವಯಾನಿ ಎಂಬ ನಕ್ಷತ್ರಲೋಕ ಅದರಲ್ಲಿ ಹಿಂಜಿದ ಹತ್ತಿಯ ಹಾಗೆ ಕಾಣುತ್ತಿತ್ತು. "ಅದರ ಸುರುಳಿ ಕಣ್ಣಿಗೆ ಕಾಣಲ್ಲ ಭಾವ, ಫೋಟೊ ತೆಗೀಬೇಕು. ಅರ್ಧ ಗಂಟೆ ಅದು ಹೋದಂಗೆ ದುರ್ಬೀನು ತಿರುಗಿಸ್ತಾ ಇರಬೇಕು. ನಿಮ್ಮ ಕೈಲಾಗಲ್ಲ ಬುಡಿ" ಅಂದ.

ಮಾರನೇ ದಿನವೇ, ತಿರುಪಿನಿಂದ ತಿರುಗುವ ಕಬ್ಬಿಣದ ಸ್ಟ್ಯಾಂಡು ಮಾಡಿಸಲು ಕೊಟ್ಟೆ. ಬಂದದ್ದೇ ಅಂಗಳದಲ್ಲಿ ಸಿಮೆಂಟು ಹಾಕಿ ನೆಟ್ಟೆ. ಸಿಮೆಂಟು ಒಣಗಿದ ಮೇಲೆ ನೋಡಿದರೆ, ದೇವಯಾನಿಗೆ ಅಡ್ಡವಾಗಿ ನಮ್ಮವ್ವ ನೆಟ್ಟ ತೆಂಗಿನಮರ. ಸ್ಟ್ಯಾಂಡು ಕೀಳಬಹುದಿತ್ತು. ಕಿತ್ತರೆ ಶಿವಣ್ಣ ನಗುತ್ತಾನೆ. ಮರ ಕಡಿಸಿದೆ.

"ಫಸಲಿನ ಮರ ಕಡಿಸಿದ್ರಲ್ಲ, ಅತ್ತೆ ಇದ್ದಿದ್ರೆ ನಿಮ್ಮನ್ನೇ ಕಡಿಯೋರು. ಅದೇನು ಫೋಟೊ ಬತ್ತದೋ ಬರಲಿ, ಆಮೇಲೆ ಮಾತಾಡ್ತೀನಿ" ಅಂದಳು ಹೆಂಡತಿ ಗೌರ. ಅಂದವಳು ಮಾತು ಬಿಟ್ಟೇ ಬಿಟ್ಟಳು. ಇನ್ನು ಆ ಫೋಟೊ ಬರದೆ ನನಗೆ ಮನೆಯಲ್ಲಿ ಮರ್ಯಾದೆಯಿಲ್ಲ.

ಧನುರ್ಮಾಸದ ಅಮಾವಾಸ್ಯೆ. ಊಟ ಮುಗಿಸಿ, ಎರವಲು ಕ್ಯಾಮರಾವನ್ನು ದುರ್ಬೀನಿಗೆ ಬಿಗಿದೆ. ತಿರುಪು ಸಲೀಸಾಗಿರಲೆಂದು ಸಂಜೆಯೇ ಧಾರಾಳವಾಗಿ ಎಣ್ಣೆ ಬಿಟ್ಟಿದ್ದೆ. ನಮ್ಮಲ್ಲಿ ತಲೆಗೂ ಬಾಗಿಲ ಕೀಲಿಗೂ ಒಂದೇ ಎಣ್ಣೆ, ಮನೆಯ ಕೊಬ್ಬರಿಯದು. ಮೊದಮೊದಲು ನಯವಾಗಿ ತಿರುಗಿತು. ಚಳಿ ಏರಿದಂತೆ ಬಿಗಿಯಿತು, ಆಮೇಲೆ ಕಚ್ಚಿಕೊಂಡು ನಿಂತಿತು. ಸಿಟ್ಟಿನಿಂದ ಜಗ್ಗಿದೆ, ಆಕಾಶವೇ ಎಗರಿಬಿತ್ತು.

ತೊಳೆಸಿ ತಂದ ಫೋಟೊದಲ್ಲಿ ಎರೆಹುಳು ಹರಿದಂಥ ಗೆರೆಗಳು. ಶಿವಣ್ಣ ನಗಲಿಲ್ಲ. "ಮಿಷನ್ ಎಣ್ಣೆ ಬಿಡಬೇಕಿತ್ತು ಭಾವ" ಅಂತ ಮೆಲ್ಲಗೆ ಹೇಳಿದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಗೌರ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿ, ಕೊನೆಗೂ ಬಾಯಿ ಬಿಟ್ಟಳು: "ಚಳೀಲಿ ಕೊಬ್ಬರಿ ಎಣ್ಣೆ ಗಟ್ಟಿ ಆಯ್ತದೆ ಅನ್ನಾದಕ್ಕೂ ಕಾಲೇಜಿಗೆ ಹೋಗ್ಬೇಕೇನ್ರೀ?"

ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಎಣ್ಣೆ ಶೀಶೆಯನ್ನು ಬಿಸಿಲಿಗಿಡುವವನು ನಾನೇ.

ಈಗ ನನ್ನ ಹತ್ತಿರ ಇರುವುದಿಷ್ಟು: ದುರ್ಬೀನು ಒಂದು, ಕೀಳಲು ಮನಸ್ಸು ಬಾರದ ಸ್ಟ್ಯಾಂಡು ಒಂದು, ಗೆರೆ ಬಿದ್ದ ಫೋಟೊ ಒಂದು, ಅಂಗಳದಲ್ಲಿ ಬೊಡ್ಡೆ ಒಂದು. ತೆಂಗಿನಮರ, ಒಂದು ಕಮ್ಮಿ ಇನ್ನೂರು.