ಷಡ್ಡಕನ ಕಾರು, ನನ್ನ ಗ್ಯಾಸು

ಹೊಟ್ಟೆಕಿಚ್ಚು ಪಡುವುದಕ್ಕೆ ದೂರದ ಶ್ರೀಮಂತರು ಪ್ರಯೋಜನಕ್ಕೆ ಬರುವುದಿಲ್ಲ. ಮುಂಬಯಿಯ ಯಾವನೋ ಸೇಠು ವಿಮಾನ ಕೊಂಡನಂತೆ ಎಂದು ಪೇಪರಿನಲ್ಲಿ ಓದಿದರೆ ನಾನು ಪುಟ ತಿರುಗಿಸಿ ಚಹಾ ಕುಡಿಯುತ್ತೇನೆ. ನನ್ನ ಹೊಟ್ಟೆಗೆ ಬೆಂಕಿ ಬೀಳಬೇಕಾದರೆ ಷಡ್ಡಕನೇ ಆಗಬೇಕು. ಷಡ್ಡಕನೆಂದರೆ ಒಂದೇ ಮಾವನ ಮನೆಯಲ್ಲಿ ಒಂದೇ ಪಂಕ್ತಿಗೆ ಕೂತವನು. ಅವನ ಎಲೆಗೆ ತುಪ್ಪ ಒಂದು ಹನಿ ಹೆಚ್ಚು ಬಿದ್ದರೂ ನನಗೆ ಕಾಣಿಸುತ್ತದೆ, ಕನ್ನಡಕ ಇಲ್ಲದಿದ್ದರೂ ಕಾಣಿಸುತ್ತದೆ.

ನನ್ನ ಹೆಂಡತಿ ಸರೋಜಳ ತಂಗಿಯ ಗಂಡ ಶ್ರೀಪಾದನಿಗೆ ಸಿದ್ದಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ನಾನು ಶಿರಸಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಇಬ್ಬರ ಬಳಿಯೂ ಹಳೇ ಕಾರಿದ್ದಷ್ಟು ದಿನ ನಮ್ಮಷ್ಟು ಅನ್ಯೋನ್ಯವಾಗಿದ್ದ ಷಡ್ಡಕರು ಘಟ್ಟದ ಮೇಲೆ ಇರಲಿಲ್ಲ. ಹೊಸ ಶತಮಾನ ಬಂದು ಒಂದೆರಡು ವರ್ಷಕ್ಕೆ ಅವನು ಬೆಳ್ಳಿ ಬಣ್ಣದ ಹೊಸ ಕಾರು ತಂದ. ಒಳಗೆ ಏಸಿ, ಗುಂಡಿ ಒತ್ತಿದರೆ ಇಳಿಯುವ ಗಾಜು, ಪೆಟ್ರೋಲನ್ನು ಅಳೆದು ಚಿಮುಕಿಸಲು ಒಂದು ಪುಟ್ಟ ಕಂಪ್ಯೂಟರು. ನಾನು ಒಂದು ಸುತ್ತು ಹಾಕಿ, ಈ ಬಣ್ಣ ಬೇಗ ಮಾಸುತ್ತದೆ ಎಂದೆ. ಅವನು ನಕ್ಕು ಕೈಗೆ ಪೇಡೆ ಕೊಟ್ಟ. ಸಿಟ್ಟಾದರೂ ಮಾಡಿಕೊಳ್ಳಬಾರದಿತ್ತೇ?

ಅಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಎರಡೂ ಮನೆಯವರು ಎಲ್ಲಿಗೇ ಹೊರಟರೂ ಸರೋಜ ಹೋಗಿ ಅವನ ಕಾರಿನಲ್ಲಿ ಕೂರತೊಡಗಿದಳು. ಕೇಳಿದರೆ, ನಮ್ಮ ಕಾರಿನ ಪೆಟ್ರೋಲ್ ವಾಸನೆಗೆ ಅವಳಿಗೆ ವಾಂತಿ ಬರುತ್ತದಂತೆ. ಮದುವೆಯಾದ ಮೇಲೆ ಇಷ್ಟು ವರ್ಷ ಬಾರದ ವಾಂತಿ! ನಾನು ಹಪ್ಪಳದ ಡಬ್ಬ, ಹಾಸಿಗೆ ಗಂಟುಗಳ ಜೊತೆ ಒಬ್ಬನೇ ಹಿಂದಿನಿಂದ ಬರಬೇಕು. ನಾನು ಮೊದಲು ಹೊರಟರೂ ಅವನು ನನ್ನನ್ನು ದಾಟುತ್ತಿದ್ದ. ದಾಟುವಾಗ ಗಾಜಿನ ಆಚೆಯಿಂದ ನನ್ನ ಸ್ವಂತ ಹೆಂಡತಿ ನನಗೇ ಕೈ ಬೀಸುತ್ತಿದ್ದಳು. ಕೊನೆಗೆ ನಾನು ಯಲ್ಲಾಪುರದ ಕಡೆಯ ಚಂದಗುಳಿಯ ಘಂಟಿಗಣಪನಿಗೆ ಮನಸ್ಸಿನಲ್ಲೇ ಹರಕೆ ಹೊತ್ತೆ. ಒಂದೇ ಒಂದು ಸಲ ಶ್ರೀಪಾದನಿಗಿಂತ ಮುಂದೆ ಹೋಗುವ ಹಾಗೆ ಮಾಡಪ್ಪ, ಗಂಟೆ ಕಟ್ಟುತ್ತೇನೆ ಎಂದೆ.

ದೇವರೊಬ್ಬನನ್ನೇ ನೆಚ್ಚಿ ಕೂರುವವನು ನಾನಲ್ಲ. ಕಾರಿನ ವೇಗ ಹೆಚ್ಚಿಸುವ ದಾರಿಯನ್ನು ಸೈಬರ್ ಸೆಂಟರಿನಲ್ಲಿ ಹುಡುಕುತ್ತಿದ್ದಾಗ ನೈಟ್ರಸ್ ಆಕ್ಸೈಡ್ ಸಿಕ್ಕಿತು. ಎಂಜಿನ್ನಿಗೆ ಈ ಗ್ಯಾಸು ಊದಿದರೆ ಒಳಗೆ ಆಮ್ಲಜನಕ ಹೆಚ್ಚುತ್ತದೆ, ಹೆಚ್ಚು ಪೆಟ್ರೋಲ್ ಉರಿಯುತ್ತದೆ, ಕಾರು ಚಿಗರೆಯ ಹಾಗೆ ನೆಗೆಯುತ್ತದೆ. ಅದರಲ್ಲಿ ಎರಡು ಬಗೆ. ಡ್ರೈ ಪದ್ಧತಿಯಲ್ಲಿ ಗ್ಯಾಸೊಂದನ್ನೇ ಊದುವುದು, ಹೆಚ್ಚುವರಿ ಪೆಟ್ರೋಲನ್ನು ಕಾರೇ ನೋಡಿಕೊಳ್ಳಬೇಕು. ವೆಟ್ ಪದ್ಧತಿಯಲ್ಲಿ ಗ್ಯಾಸು, ಪೆಟ್ರೋಲ್ ಎರಡನ್ನೂ ಒಟ್ಟಿಗೆ ಚಿಮುಕಿಸುವುದು. ಮೊದಲನೆಯದರಲ್ಲಿ ಪೆಟ್ರೋಲ್ ಕಮ್ಮಿಬಿದ್ದರೆ ಪಿಸ್ಟನ್ ಕರಗುತ್ತದೆ. ಎರಡನೆಯದರಲ್ಲಿ ಪೆಟ್ರೋಲ್ ಗಾಳಿಯ ಕೊಳವೆಯಲ್ಲೇ ನಿಂತುಬಿಟ್ಟರೆ ಬೆಂಕಿ ಹಿಮ್ಮುಖವಾಗಿ ಬರುತ್ತದೆ. ಯಾವುದು ವಾಸಿ ಎಂದು ಆ ಮಳೆಗಾಲವಿಡೀ ತಲೆ ಕೆಡಿಸಿಕೊಂಡೆ. ನಮ್ಮ ಗ್ಯಾರೇಜಿನ ಮಂಜನನ್ನು ಕೇಳಿದರೆ, ಅಷ್ಟು ದೂರದಿಂದ ತರಿಸುವುದೇಕೆ, ಅಡಿಗೆ ಗ್ಯಾಸಿನ ಸಿಲಿಂಡರೇ ಕಟ್ಟಿಕೊಡುತ್ತೇನೆ ಎಂದ.

ಅಂತೂ ಡ್ರೈ ಎಂದು ತೀರ್ಮಾನಿಸಿ ನೆಮ್ಮದಿಯಾಗಿದ್ದೆ. ಆಮೇಲೆ ಪ್ರಿಂಟ್ ತೆಗೆದ ಹಾಳೆಯ ಕೊನೆಯ ಸಾಲು ಓದಿದೆ. ಡ್ರೈ ಪದ್ಧತಿಗೆ ಪೆಟ್ರೋಲ್ ಅಳೆಯುವ ಕಂಪ್ಯೂಟರು ಬೇಕಂತೆ. ನನ್ನದು ಕಾರ್ಬುರೇಟರಿನ ಮುದಿ ಕಾರು, ಅದಕ್ಕೆ ವೆಟ್ಟೇ ಗತಿ. ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸುವ ಭಾಗ್ಯ ಇದ್ದದ್ದು ಶ್ರೀಪಾದನಿಗೆ. ಅವನಿಗೆ ಗ್ಯಾಸು ಬೇಕಾಗಿಯೇ ಇರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಆದರೂ ಮಾವನ ಮನೆಯ ತಿಥಿಯೂಟ ಮುಗಿದು ಎಲೆಯಡಿಕೆಯ ಕವಳ ಹಾಕುವಾಗ, ಈ ವಿದ್ಯೆಯಾದರೂ ನನ್ನಲ್ಲಿದೆಯಲ್ಲ ಎಂದು ಶ್ರೀಪಾದನ ಎದುರಿಗೆ ಎಲ್ಲವನ್ನೂ ಬಿಚ್ಚಿಟ್ಟೆ. ಕರಗುವ ಪಿಸ್ಟನ್ನನ್ನೂ ಹಿಮ್ಮುಖ ಬೆಂಕಿಯನ್ನೂ ಸ್ವಲ್ಪ ದೊಡ್ಡದಾಗಿಯೇ ವರ್ಣಿಸಿದೆ. ಅವನ ಮುಖ ಸಪ್ಪಗಾಯಿತು. ಅವನಿಗೂ ಹೊಟ್ಟೆಕಿಚ್ಚು ಹತ್ತಿತೆಂದು ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಂತೋಷ ಬಹಳ ದಿನ ಬಾಳಲಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ ಈ ಗ್ಯಾಸು ಬಿಡಬೇಕು. ನಮ್ಮ ಕಡೆ ಪೂರ್ತಿ ತುಳಿಯುವಷ್ಟು ನೆಟ್ಟಗಿನ ರಸ್ತೆ ಎಲ್ಲಿದೆ ಎಂದು ಒಂದು ಭಾನುವಾರ ಸ್ಕೂಟರಿನಲ್ಲಿ ಸಿದ್ದಾಪುರದ ದಾರಿ, ಇನ್ನೊಂದು ಭಾನುವಾರ ಯಲ್ಲಾಪುರದ ದಾರಿ ನೋಡಿ ಬಂದೆ. ಎಲ್ಲಿ ರಸ್ತೆ ನೆಟ್ಟಗಿದೆಯೋ ಅಲ್ಲಿ ಎಮ್ಮೆ ಮಲಗಿತ್ತು. ಗ್ಯಾಸಿನ ಆಸೆ ಬಿಟ್ಟೆ ಎಂದು ಸರೋಜಳಿಗೆ ಹೇಳಿದೆ. ಅವಳು ಆ ಕ್ಷಣವೇ ಸಿದ್ದಾಪುರಕ್ಕೆ ಫೋನ್ ಮಾಡಿದಳು. ವಾರದೊಳಗೆ ಶ್ರೀಪಾದ, ಎಲ್ಲರೂ ಚಂದಗುಳಿಗೆ ಹೋಗಿಬರೋಣ ಎಂದ. ಏಕೆಂದು ನಾನು ಕೇಳಲಿಲ್ಲ.

ಅವತ್ತೂ ಮಾಮೂಲಿನಂತೆ ಅವನು ನನ್ನನ್ನು ದಾಟಿ ಹೋದ. ಯಲ್ಲಾಪುರ ಇನ್ನೂ ದೂರವಿರುವಾಗ ಒಂದು ತಿರುವಿನಾಚೆ ನೋಡುತ್ತೇನೆ, ಬೆಳ್ಳಿ ಕಾರು ರಸ್ತೆ ಪಕ್ಕ ನಿಂತಿದೆ! ಸರೋಜ ಹೊರಗೆ ನಿಂತು ಕೈ ಬೀಸುತ್ತಿದ್ದಾಳೆ. ನಾನೂ ಕೈ ಬೀಸಿದೆ. ಉದ್ದಕ್ಕೆ ಹಾರ್ನ್ ಒತ್ತುತ್ತಾ ದಾಟಿದೆ. ಚಂದಗುಳಿ ಮುಟ್ಟಿದವನೇ ಅಂಗಡಿಯಲ್ಲಿ ಪುಟ್ಟದೊಂದು ಗಂಟೆ ಕೊಂಡು ಗಣಪನೆದುರು ಕಟ್ಟಿ, ಹಲ್ಲು ಕಿರಿಯುತ್ತ ಮೆಟ್ಟಿಲ ಮೇಲೆ ಕೂತೆ.

ಬಹಳ ಹೊತ್ತಿನ ಮೇಲೆ ಅವರು ಬಂದರು. ಸರೋಜಳ ಮುಖ ಬಿಳಿಚಿತ್ತು. "ಏಸಿಲಿ ವಾಂತಿ ಬಂತು, ನಿಲ್ಸಿ ಹೇಳಿ ಕೈ ಮಾಡಿದ್ರೆ ಟಾಟಾ ಮಾಡ್ಕಂಡು ಹೋದ್ರಲ್ಲ, ಕಣ್ಣು ಕಾಣ್ತಿಲ್ಯ?" ಎಂದಳು. ಅಷ್ಟರಲ್ಲಿ ಶ್ರೀಪಾದ ಡಿಕ್ಕಿಯಿಂದ ಗೋಣಿ ಸುತ್ತಿದ ಹಿತ್ತಾಳೆಯ ಗಂಟೆ ತೆಗೆದ.

"ಇದೆಂತಕ್ಕೆ?" ಎಂದೆ.

"ಭಾವ, ನೀನು ಆ ಗ್ಯಾಸು ಹಾಕ್ಸದೇ ಇರ್ಲಿ ಹೇಳಿ ಆನು ಹರಕೆ ಹೊತ್ತಿದ್ದೆ. ನಿಂಗೆ ಎಂತಾದ್ರೂ ಆದ್ರೆ ಹೇಳಿ ಹೆದ್ರಿಕೆ ಆಗಿತ್ತು" ಎಂದ.

ನನಗೆ ನಾಚಿಕೆಯಾಯಿತು. ನಾನೇ ಏಣಿ ಹಿಡಿದು ನಿಂತೆ, ಅವನು ಹತ್ತಿ ನನ್ನ ಗಂಟೆಯ ಪಕ್ಕದಲ್ಲೇ ಅದನ್ನು ಕಟ್ಟಿದ. ಆಮೇಲೆ ಇಬ್ಬರೂ ಬಾರಿಸಿದೆವು. ನನ್ನದು ಕಿಣಿ ಎಂದಿತು. ಅವನದು ಢಣ್ಣೆಂದು ಗುಡಿಯೆಲ್ಲ ತುಂಬಿತು.

ವಾಪಸು ಬರುವಾಗ ಸರೋಜ ಯಾರೂ ಹೇಳದೆ ನನ್ನ ಕಾರಿನಲ್ಲೇ ಕೂತಳು. ಗಾಜು ಇಳಿಸಿಕೊಂಡು ಏನೇನೋ ಮಾತಾಡುತ್ತ ಬಂದಳು. ನಾನು ಹೂಂಗುಟ್ಟುತ್ತಲೇ ಇದ್ದೆ. ಅವನದಕ್ಕಿಂತ ದೊಡ್ಡ ಗಂಟೆ ಶಿರಸಿಯ ಯಾವ ಅಂಗಡಿಯಲ್ಲಿ ಸಿಗಬಹುದು ಎಂಬುದು ಮನೆ ಮುಟ್ಟುವವರೆಗೂ ನನಗೆ ಬಗೆಹರಿಯಲಿಲ್ಲ.