ಸಾಕ್ಷಿಗಳ ಬೆಂಚು ಮತ್ತು ಯಮನೂರನ ಟಂಟಂ

ಜನರನ್ನು ಅವರವರ ಜಾಗದಲ್ಲಿ ಕೂರಿಸುವುದು ನನ್ನ ಹುಟ್ಟುಗುಣವೆಂದು ನಾನೂ, ಹುಟ್ಟುರೋಗವೆಂದು ನನ್ನ ಹೆಂಡತಿಯೂ ಬಹುಕಾಲದಿಂದ ವಾದಿಸುತ್ತ ಬಂದಿದ್ದೇವೆ. ಯಲಬುರ್ಗಾದ ಖಾಸಗಿ ಶಾಲೆಯೊಂದರಲ್ಲಿ ನಾನು ಕನ್ನಡ ವ್ಯಾಕರಣ ಕಲಿಸುತ್ತಿದ್ದಾಗ, ಯಾವ ಹುಡುಗ ಯಾರ ಪಕ್ಕದಲ್ಲಿ ಕೂರಬಾರದು ಎಂಬುದನ್ನು ನಿರ್ಧರಿಸಿದ ಮೇಲಷ್ಟೇ ಪಾಠ ಆರಂಭವಾಗುತ್ತಿತ್ತು. ಅಭ್ಯಾಸಬಲದಿಂದ ಒಮ್ಮೆ ಭಾವಮೈದುನನ ಮದುವೆಯ ಪಂಕ್ತಿಯಲ್ಲೂ ಬೀಗರನ್ನು ಎಬ್ಬಿಸಿ ಬೇರೆಡೆ ಕೂರಿಸಲು ಹೋದೆ. ಹೆಂಡತಿ ಸಾರಿನ ಬಕೆಟ್ಟನ್ನು ಅಲ್ಲೇ ಕುಕ್ಕಿ, “ಅವ್ರು ಉಣ್ಣಾಕ ಬಂದಾರ್ರಿ, ಪರೀಕ್ಷಾ ಬರಿಯಾಕಲ್ಲ. ಕುಂತಲ್ಲೇ ಬಿಡ್ರಿ” ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಗು ನಿಂತ ಮೇಲೂ ಎಲೆಗಳ ಸಾಲು ಸೊಟ್ಟಗಿದ್ದುದು ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು.

ಶಾಲೆ ಮುಚ್ಚಿತು. ನಡುವಯಸ್ಸಿನಲ್ಲಿ ಪಡೆದ ಕಾನೂನು ಪದವಿಯೊಂದು ಕೈಯಲ್ಲಿತ್ತು. ಕಪ್ಪು ಕೋಟು ತೊಟ್ಟು ಕಕ್ಷಿದಾರರನ್ನು ಹುಡುಕುವ ಧೈರ್ಯವಿರಲಿಲ್ಲ. ಹೀಗಾಗಿ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಅಭಿಯೋಜಕರ ಕಚೇರಿಯಲ್ಲಿ, ಗುತ್ತಿಗೆಯ ಮೇಲೆ, ಕ್ರಿಮಿನಲ್ ಪ್ರಕರಣಗಳ ಕಾನೂನು ಸಹಾಯಕನಾದೆ. ಅಭಿಯೋಜಕರೆಂದರೆ ಸರ್ಕಾರದ ಪರವಾಗಿ ಆರೋಪಿಗಳ ವಿರುದ್ಧ ವಾದಿಸುವ ವಕೀಲರು. ಅವರು ವಾದಿಸಲು ಬೇಕಾದ ಕಡತಗಳನ್ನು ಕಟ್ಟುವವನು, ಬಿಚ್ಚುವವನು, ಧೂಳು ಕೊಡವುವವನು ನಾನು. ಪೊಲೀಸರ ದೋಷಾರೋಪ ಪಟ್ಟಿಗಳನ್ನು ಮೊದಮೊದಲು ಪೆನ್ಸಿಲ್ ಹಿಡಿದು ಓದುತ್ತಿದ್ದೆ. ಒಂದೊಂದು ವಾಕ್ಯವೂ ಪುಟದುದ್ದ. ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಕಾಣೆಯಾಗಿರುತ್ತಾನೆ. ಇದು ಬರೆದವರ ಅಜ್ಞಾನವೆಂದುಕೊಂಡಿದ್ದೆ. ಕೆಲವು ವಿಚಾರಣೆಗಳನ್ನು ಕೊನೆತನಕ ನೋಡಿದ ಮೇಲೆ, ಅವರು ಮುಂದೆ ಕೋರ್ಟಿನಲ್ಲಿ ಆಗುವುದನ್ನೇ ಮುಂಚಿತವಾಗಿ ಬರೆದಿದ್ದಾರೆಂದು ತಿಳಿದು ಪೆನ್ಸಿಲನ್ನು ಡ್ರಾಯರಿಗೆ ಹಾಕಿದೆ.

ತಿದ್ದಲು ನನಗೆ ಉಳಿದದ್ದು ಬೆಂಚು ಮಾತ್ರ. ನ್ಯಾಯಾಲಯದ ಪಡಸಾಲೆಯಲ್ಲಿ, ಕಿಟಕಿಯ ಕೆಳಗಿರುವ ಬೆಂಚು ನಮ್ಮ ಸಾಕ್ಷಿಗಳದು. ಆರೋಪಿ ಮತ್ತು ಅವನ ಕಡೆಯವರು ಹೊರಗೆ ಬೇವಿನ ಮರದ ಕೆಳಗಿರತಕ್ಕದ್ದು. ಎರಡು ಕಡೆಯವರೂ ಪರಸ್ಪರ ಮಾತಾಡಕೂಡದು, ಒಬ್ಬರ ಚಹಾ ಇನ್ನೊಬ್ಬರು ಕುಡಿಯಕೂಡದು. ಇದು ಯಾವ ಕಾಯಿದೆಯಲ್ಲೂ ಇಲ್ಲ, ನಾನು ಮಾಡಿದ್ದು. ಬೆಳಿಗ್ಗೆ ನಾನು ಬೆಂಚಿನ ಬಳಿ ನಿಂತರೆ ಪಡಸಾಲೆಯಲ್ಲಿ ಪರೀಕ್ಷಾ ಕೊಠಡಿಯ ಶಿಸ್ತು ಮೂಡುತ್ತಿತ್ತು. ಸಾಕ್ಷಿಗಳು ಮಿರ್ಚಿಯ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದರು. ಕೋರ್ಟು ಡ್ಯೂಟಿಯ ಹೆಡ್ ಕಾನ್‌ಸ್ಟೇಬಲ್ ಸಂಗಪ್ಪ ಮಾತ್ರ ನನ್ನನ್ನು ನೋಡಿ ಮೀಸೆಯಡಿ ನಗುತ್ತಿದ್ದ. “ಮಾಸ್ತರ, ನೀವು ಇಲ್ಲಿ ಗೆರಿ ಹೊಡದು ಕುಂದ್ರಿಸ್ತೀರಿ. ಇವ್ರು ಬರೋವಾಗ ಹೆಂಗ ಬಂದಾರ, ಒಮ್ಮ್ಯರ ಗೇಟಿನ ಹೊರಗ ನಿಂತು ನೋಡ್ರಿ.”

ನಿಂತು ನೋಡಿದೆ. ಹೇಮಗುಡ್ಡದ ಕಡೆಯಿಂದ, ಜನರನ್ನು ಹೇರಿಕೊಂಡ ಮೂರು ಗಾಲಿಯ ಟಂಟಂ ಒಂದು ಬಂದು ನಿಂತಿತು. ಅದರೊಳಗಿಂದ ಮೊದಲು ಇಳಿದವನು ನಮ್ಮ ಪ್ರಕರಣವೊಂದರ ಪ್ರತ್ಯಕ್ಷ ಸಾಕ್ಷಿ, ಚಹಾದಂಗಡಿಯ ಬಸಪ್ಪ. ಅವನ ಹಿಂದೆ ಇನ್ನೊಬ್ಬ ಪ್ರತ್ಯಕ್ಷ ಸಾಕ್ಷಿ. ಹಿಂದಿನಿಂದ ಆರೋಪಿಯ ತಾಯಿ; ಆಕೆಯ ಕೈಹಿಡಿದು ಇಳಿಸಿದವನು ಆ ಎರಡನೆಯ ಸಾಕ್ಷಿಯೇ. ಕೊನೆಗೆ ಚಾಲಕನ ಜಾಗದಿಂದ ಇಳಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡವನು ಆರೋಪಿ ಯಮನೂರ. ಎಲ್ಲರೂ ಗೇಟಿನವರೆಗೆ ನಗುತ್ತ ಬಂದು, ನನ್ನನ್ನು ಕಂಡೊಡನೆ ಎರಡು ಹೋಳಾಗಿ, ಅರ್ಧ ಬೆಂಚಿಗೂ ಅರ್ಧ ಬೇವಿನ ಮರಕ್ಕೂ ನಡೆದರು. ನನ್ನ ಮೇಲೆ ಅವರಿಗೆ ಅಷ್ಟು ಗೌರವವಿತ್ತು.

ಇವರೊಂದಿಗೆ ಬಾರದವಳು ಒಬ್ಬಳೇ: ಫಿರ್ಯಾದಿ ಹುಲಿಗೆವ್ವ. ಭತ್ತದ ನಾಟಿಯ ಕೂಲಿ ಮಾಡುವ ಹೆಂಗಸು. ಯಮನೂರ ಟಂಟಂ ನಿಲ್ಲಿಸುವ ಜಾಗದಲ್ಲಿ ಆಕೆ ಮೇಕೆ ಕಟ್ಟಿದ್ದಳೆಂಬ ಕಾರಣಕ್ಕೆ ಜಗಳವಾಗಿ, ಅವನು ಜಾಕಿನ ರಾಡಿನಿಂದ ಹೊಡೆದು ಆಕೆಯ ಎಡ ಮುಂಗೈ ಮುರಿದಿದ್ದ. ಮೂಳೆ ಸೊಟ್ಟಗೆ ಕೂಡಿತ್ತು. “ಸಸಿ ಹಿಡ್ಯಾಕ ಬರಂಗಿಲ್ರಿ ಸರ್. ನಾಟಿ ಗುಂಪಿನಾಗ ನನ್ನ ಕರಿಯೋದು ಬಿಟ್ಟಾರ. ಅವಗ ಶಿಕ್ಷಾ ಆಗೋದು ನೋಡಬೇಕು, ಅಷ್ಟ” ಎನ್ನುತ್ತಿದ್ದಳು. ಪ್ರತಿ ತಾರೀಖಿಗೂ ಬೆಳಗಿನ ಬಸ್ಸಿಗೆ ಬಂದು, ಬೆಂಚಿನ ತುದಿಯಲ್ಲಿ ಕುಳಿತು, ಪ್ರಕರಣ ಮುಂದೆ ಹೋಯಿತೆಂದು ತಿಳಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದಳು. ಆ ಊರಿಗೆ ಇರುವುದು ಆ ಎರಡೇ ಬಸ್ಸು. ಸಂಜೆಯದನ್ನು ರಸ್ತೆ ಕೆಟ್ಟಿತೆಂದು ನಿಲ್ಲಿಸಿದ್ದರು. ನನ್ನ ಇಡೀ ವೃತ್ತಿಜೀವನದಲ್ಲಿ, ಎರಡೂ ವೃತ್ತಿಗಳನ್ನು ಸೇರಿಸಿ ಹೇಳುತ್ತಿದ್ದೇನೆ, ಹೇಳಿದ ಜಾಗದಲ್ಲಿ ಹೇಳಿದಂತೆ ಕುಳಿತವಳು ಆಕೆಯೊಬ್ಬಳೇ.

ಕೊನೆಗೊಂದು ದಿನ ಸಾಕ್ಷ್ಯ ಆರಂಭವಾಯಿತು. ಬಸಪ್ಪ ಕಟಕಟೆ ಹತ್ತಿ, “ನಾ ಆವತ್ತ ಊರಾಗ ಇರ್ಲಿಲ್ರಿ, ಬೀಗರ ಮನಿಗೆ ಹೋಗಿದ್ನಿ” ಎಂದ. ಎರಡನೆಯವನೂ ಆವತ್ತು ಎಲ್ಲಿಗೋ ಹೋಗಿದ್ದನಂತೆ. ಕೋರ್ಟಿನಲ್ಲಿ ಮಾತು ತಿರುಗಿಸುವ ಇಂಥವರನ್ನು ನಮ್ಮಲ್ಲಿ ಪ್ರತಿಕೂಲ ಸಾಕ್ಷಿಗಳೆನ್ನುತ್ತಾರೆ. ಅಭಿಯೋಜಕರಿಗೆ ಸಿಟ್ಟೂ ಬರಲಿಲ್ಲ. ಅಷ್ಟು ಹೊತ್ತಿಗೆ ಊಟದ ವಿರಾಮ. “ಫಿರ್ಯಾದಿ ಗಟ್ಟಿಯಾಗಿದ್ದಾಳೆ ತಾನೆ? ಅವಳೊಬ್ಬಳು ನಿಂತರೂ ಸಾಕು, ವೈದ್ಯರ ವರದಿ ಇದೆ” ಎಂದರು. ನಾನು ಹೆಮ್ಮೆಯಿಂದ, “ಆಕೆ ಬೆಂಚು ಬಿಟ್ಟು ಎದ್ದೇ ಇಲ್ಲ ಸರ್” ಎಂದೆ.

ಊಟ ಮುಗಿಸಿ ಬಂದಾಗ ಆಕೆ ಎದ್ದು ನಿಂತಿದ್ದಳು.

“ಸರ್, ಬಸ್ ಹೋತ್ರಿ.”

“ಹೋಗಲಿ. ಇವತ್ತು ನಿನ್ನ ಸಾಕ್ಷಿ ಇದೆ.”

“ಸಾಕ್ಷಿ ಹೇಳ್ತೀನ್ರಿ. ಹೇಳಿದ ಮ್ಯಾಲ ಊರಿಗೆ ಹೆಂಗ ಹೋಗ್ಲಿ? ಉಳಿದದ್ದು ಅವನ ಗಾಡಿ ಒಂದ. ಇವ್ನ ಹೊಡದಾನ ಅಂತ ಬೊಟ್ಟು ಮಾಡಿ ತೋರಿಸಿ, ಅವನ ಬಾಜೂ ಹೆಂಗ ಕುಂದರ್ಲಿ? ಮಗಳು ಒಬ್ಬಾಕಿ ಅದಾಳ ಮನ್ಯಾಗ, ಇಲ್ಲೆ ಉಳಿಯಾಕೂ ಬರಂಗಿಲ್ಲ.”

ನಾನು ಸಂಗಪ್ಪನನ್ನು ನೋಡಿದೆ. “ಜೀಪು ಬಂದೋಬಸ್ತಿಗೆ ಹೋಗೈತಿ” ಎಂದು ಅವನು ಗೋಡೆಯನ್ನು ನೋಡಿದ. ಹುಲಿಗೆವ್ವ ಹೇಳಿದಳು: “ನಿಮ್ಮ ಸ್ಕೂಟರ್ ಐತಲ್ರಿ ಸರ್. ನಿಮ್ಮ ಮನಿ ನಮ್ಮೂರ ಹಾದಿಮ್ಯಾಗ ಐತಿ. ಇನ್ನೊಂದೀಟು ಮುಂದ ಬಂದು ಬಿಟ್ರ ಆತು.”

ನನ್ನ ಸ್ಕೂಟರಿನ ಬಗ್ಗೆ ಒಂದು ಮಾತು. ಸೋಮವಾರ ಪೆಟ್ರೋಲು, ಶನಿವಾರ ಒರೆಸುವುದು, ಮಳೆಗೂ ಬಿಸಿಲಿಗೂ ಬೇರೆಬೇರೆ ಹೊದಿಕೆ. ಅದು ಎಂದೂ ನನಗೆ ಕೈಕೊಟ್ಟಿರಲಿಲ್ಲ. ಆದರೆ ಪ್ರಶ್ನೆ ಸ್ಕೂಟರಿನದಾಗಿರಲಿಲ್ಲ, ಔಚಿತ್ಯದ್ದು. ಅಭಿಯೋಜನೆಯ ನೌಕರನು ಅಭಿಯೋಜನೆಯ ಸಾಕ್ಷಿಯನ್ನು ತನ್ನ ವಾಹನದಲ್ಲಿ ಕರೆದೊಯ್ದರೆ ನಾಳೆ ಎದುರು ವಕೀಲರು ಏನೆನ್ನುವುದಿಲ್ಲ? ಇದನ್ನು ನಾನು ಆಕೆಗೆ ಆದಿ ಮಧ್ಯ ಅಂತ್ಯಗಳೊಡನೆ ವಿವರಿಸಿದೆ. ಭಯವಿದ್ದರೆ ಸಾಕ್ಷಿಗಳ ರಕ್ಷಣೆಗೆ ಯೋಜನೆಯಿದೆ, ವಿಧಿವತ್ತಾಗಿ ಅರ್ಜಿ ಸಲ್ಲಿಸಬಹುದು, ಸಕ್ಷಮ ಪ್ರಾಧಿಕಾರವು ಪರಿಶೀಲಿಸುತ್ತದೆ ಎಂದೂ ತಿಳಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಇವತ್ತ ಸಂಜಿಗೆ ಆ ಅರ್ಜಿ ಮ್ಯಾಲ ಕುಂತು ಹೋಗ್ಲೇನ್ರಿ?” ಎಂದಳು.

ಅಷ್ಟರಲ್ಲಿ ಒಳಗಿನಿಂದ ಆಕೆಯ ಹೆಸರು ಕೂಗಿದರು. ಪುಣ್ಯವೆಂದುಕೊಂಡೆ.

ಕಟಕಟೆಯಲ್ಲಿ ಆಕೆ ಸೊಟ್ಟ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಅಭಿಯೋಜಕರು ಕೇಳಿದರು: “ನಿನ್ನ ಕೈ ಯಾರು ಮುರಿದರು?” ಆಕೆ ಯಮನೂರನನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ನಾನು ಕಡತದ ದಾರವನ್ನು ಸರಿಪಡಿಸಿದೆ.

“ಎಡವಿ ಬಿದ್ದೆನ್ರಿ.”

ಅಭಿಯೋಜಕರು ತಲೆ ಎತ್ತಿದರು. “ಎಲ್ಲಿ?”

“ಬಚ್ಚಲದಾಗ್ರಿ.”

ನ್ಯಾಯಾಧೀಶರು ಮೆಲ್ಲಗೆ ವಿಚಾರಿಸಿದರು: “ನೋಡಮ್ಮ, ನಿನ್ನನ್ನು ಯಾರಾದರೂ ಹೆದರಿಸಿದ್ದಾರೆಯೇ?”

“ಇಲ್ರಿ ಸಾಹೇಬ್ರ, ಯಾರೂ ಹೆದರಿಸಿಲ್ರಿ. ಎಲ್ಲಾರೂ ಛಲೋ ನೋಡ್ಕೊಂಡಾರ.”

ಅದು ಸುಳ್ಳೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಹೆದರಿಸುವ ಶ್ರಮವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಅಭಿಯೋಜಕರು ಕಡತವನ್ನು ನನ್ನ ಕೈಗಿತ್ತು, “ಗಟ್ಟಿಯಾಗಿದ್ದಾಳೆ ಅಂದಿದ್ದಿರಿ” ಎಂದಷ್ಟೇ ಹೇಳಿದರು. ಕಡತದ ಮೇಲೆ, ಆಕೆಯ ಹೆಸರಿನ ಮುಂದೆ ನಾನು “ಪ್ರತಿಕೂಲ” ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಸಂಜೆ ಸ್ಕೂಟರಿನ ಹೊದಿಕೆ ತೆಗೆದು, ಮಡಿಸಿ, ಗುಂಡಿ ಒತ್ತಿದೆ. ಅದು ಕೆಮ್ಮಿತು. ಒದ್ದೆ. ಮತ್ತೆ ಒದ್ದೆ. ಯಂತ್ರಕ್ಕೆ ಔಚಿತ್ಯಜ್ಞಾನವಿಲ್ಲ, ಇದ್ದಿದ್ದರೆ ಬೇರೊಂದು ದಿನ ಕೆಡುತ್ತಿತ್ತು. ಮೆಕ್ಯಾನಿಕ್ ಫೋನಿನಲ್ಲಿ, “ನಾಳಿ ನೋಡೂಣ್ರಿ ಸರ್” ಎಂದ. ನಾನು ರಸ್ತೆಗೆ ಬಂದು, ಬಾರದ ಬಸ್ಸಿಗಾಗಿ ಕಾಯುತ್ತ ನಿಂತೆ. ಬಂದದ್ದು ಟಂಟಂ.

“ಯಾಕ್ ಸರ್, ಗಾಡಿ ಕೈ ಕೊಟ್ಟತೇನ್ರಿ?” ಯಮನೂರ ಬಾಗಿ ಕೇಳಿದ. ಅವನ ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ನಾನು ಖಂಡಿತ ನಡೆದೇ ಹೋಗುತ್ತಿದ್ದೆ. ಇರಲಿಲ್ಲ. “ಹತ್ರಿ. ನಿಮ್ಮನಿ ದಾಟೇ ಹೋಗೋದು.”

ಒಳಗೆ ಬಸಪ್ಪನಿದ್ದ, ಎರಡನೆಯ ಸಾಕ್ಷಿಯಿದ್ದ, ಯಮನೂರನ ತಾಯಿ ಇದ್ದಳು. ತುದಿಯಲ್ಲಿ ಕಂಬಿಯನ್ನು ಬಲಗೈಯಲ್ಲಿ ಹಿಡಿದು ಹುಲಿಗೆವ್ವ ಕುಳಿತಿದ್ದಳು. ಆಕೆ ಸರಿದು ಜಾಗ ಮಾಡಿಕೊಟ್ಟಳು. “ಬರ್ರಿ ಸರ್. ಇಲ್ಲಿ ನಿಮ್ಮ ಬೆಂಚು ಇಲ್ಲ. ಎಲ್ಲೆ ಜಗಾ ಐತಿ, ಅಲ್ಲೆ ಕುಂದ್ರೋದು.” ಬಸಪ್ಪ ಕಿಸಕ್ಕನೆ ನಕ್ಕು, ಆಮೇಲೆ ಕೆಮ್ಮಿದಂತೆ ಮಾಡಿದ. ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಾವೆಲ್ಲರೂ, ಇಡೀ ಪ್ರಕರಣವೇ, ರಸ್ತೆಯ ಒಂದೇ ಗುಂಡಿಗೆ ಒಟ್ಟಿಗೆ ಕುಲುಕುತ್ತ ಹೊರಟೆವು. ಪ್ರತಿ ಗುಂಡಿಗೂ ಆ ಸೊಟ್ಟ ಮುಂಗೈ ನನ್ನ ಕಡತದ ಚೀಲಕ್ಕೆ ತಾಗುತ್ತಿತ್ತು.

ಮನೆಯ ಮುಂದೆ ಇಳಿದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. “ಸ್ಕೂಟರ್ ಎಲ್ಲೈತ್ರಿ?”

“ಕೆಟ್ಟಿದೆ.”

“ಯಾರ ಗಾಡ್ಯಾಗ ಬಂದ್ರಿ? ಅದು ಆ ಯಮನೂರಂದಲ್ಲೇನ್ರಿ? ಕೈ ಮುರದಾನ ಅಂತ ದಿನಾ ಹೇಳ್ತಿದ್ರಲ್ಲ, ಅವನ?”

“ನಾನು ಗಮನಿಸಲಿಲ್ಲ” ಎಂದೆ.

ಅವಳು ದೂರವಾಗುತ್ತಿದ್ದ ಟಂಟಂನ ಕೆಂಪು ದೀಪವನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಯಾರಾದರೂ ಹೆದರಿಸಿದರೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿದ್ಧವಿತ್ತು: ಇಲ್ಲ, ಯಾರೂ ಹೆದರಿಸಿಲ್ಲ, ಎಲ್ಲರೂ ಚೆನ್ನಾಗಿಯೇ ನೋಡಿಕೊಂಡರು.